ಅಕ್ಕಾ, ನಿನ್ನ ವಕಾಲತ್ತು ಒಲ್ಲೆ

ಬುಧವಾರ, ಕೋರ್ಟಿಗೆ ಹೊರಡುವ ಮುಂಚೆ

ಸಿಟ್ಟಿನಲ್ಲಿ ಕುದಿಯುತ್ತಿರುವ ನನ್ನ ಪ್ರೀತಿಯ ಅಕ್ಕನಿಗೆ,

ನಿನ್ನೆ ನೀನು ಫೋನಿನಲ್ಲಿ ಕೂಗಿದ ಕೂಗಿಗೆ ನನ್ನ ಗುಮಾಸ್ತ ಕುರ್ಚಿಯಿಂದ ಎದ್ದು ನಿಂತ. ನ್ಯಾಯಾಧೀಶರು ಬಂದಾಗಲೂ ಅವನು ಅಷ್ಟು ಬೇಗ ಏಳುವುದಿಲ್ಲ. ಕಾರ್ಮಿಕ ಇಲಾಖೆಯವರು ಪೊಲೀಸರ ಜೊತೆ ಬಂದು ನಿನ್ನ ಮನೆಗೆಲಸದಾಕೆಯನ್ನು ಕರೆದುಕೊಂಡು ಹೋದರು, ನಾನು ತಕ್ಷಣ ನಿನ್ನ ಪರ ವಕಾಲತ್ತು ಹಾಕಬೇಕು, ಚಾಡಿ ಹೇಳಿದ ಎದುರುಮನೆ ಮೇಷ್ಟ್ರಿಗೆ ಒಂದು ಗತಿ ಕಾಣಿಸಬೇಕು ಅಂದೆ.

ವಕಾಲತ್ತು ಹಾಕಲಾರೆ. ಮೇಷ್ಟ್ರನ್ನು ಬಿಟ್ಟುಬಿಡು, ಪಾಪ, ತಮ್ಮ ಕನ್ನಡಕ ಎಲ್ಲಿದೆ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ದೂರು ಕೊಟ್ಟಾಕೆಯ ವಿಳಾಸ ಬರೆದುಕೋ: ನಮ್ಮಮ್ಮನ ಕಿರಿಮಗಳು, ನಿನ್ನ ಖಾಸಾ ತಂಗಿ.

ಕೂತುಕೊಂಡೆಯಾ? ನೀರು ಕುಡಿ. ನೀನೇ ಎದ್ದು ತಗೋಬೇಕು, ಇನ್ನು ತಂದುಕೊಡುವವರಿಲ್ಲ.

ಹೋದ ವಾರ ಕೋರ್ಟಿನಿಂದ ನೇರ ನಿನ್ನ ಮನೆಗೆ ಊಟಕ್ಕೆ ಬಂದಿದ್ದೆನಲ್ಲ. ನೀನು 'ಪುಟ್ಟಿ' ಅಂತ ಕೂಗುವ ಆ ಮನೆಗೆಲಸದವರನ್ನು ಊರು ಯಾವುದು ಅಂತ ಕೇಳಿದೆ, ಉತ್ತರ ನೀನು ಹೇಳಿದೆ. ಮಕ್ಕಳೆಷ್ಟು ಅಂದೆ, ಭಾವ ಹೇಳಿದರು. ಕಾಲೇಕೆ ಊದಿದೆ ಅಂದೆ, ನಿಮ್ಮಿಬ್ಬರಿಗೂ ಒಟ್ಟಿಗೇ ಕೆಮ್ಮು ಬಂತು. ಒಬ್ಬರ ಮಾತನ್ನು ಇನ್ನೊಬ್ಬರು ಆಡತೊಡಗಿದರೆ ನಮ್ಮ ಕಸುಬಿನವರ ಕಿವಿ ನೆಟ್ಟಗಾಗಬೇಕು. ಅಕ್ಕನ ಮನೆಯಲ್ಲವಾ ಅಂತ ಕಿವಿ ಮಡಚಿಟ್ಟುಕೊಳ್ಳಲು ನೋಡಿದೆ, ಅದು ಮಡಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಅವರು ತಂದ ಕಾಫಿ ನನ್ನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಕೈಯಲ್ಲಿ ಜೀವ ಇಲ್ವಾ ಅಂತ ನೀನು ಅವರನ್ನು ಬೈದು, ಕಲೆ ತೊಳೆಯಲು ನಮ್ಮಿಬ್ಬರನ್ನೂ ಬಚ್ಚಲಿಗೆ ಅಟ್ಟಿದೆ. ಅವರು ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಪೋಲಾಗ್ತಿದೆ ಅಂತ ನೀನು ಹೊರಗೆ ಕೂಗುತ್ತಲೇ ಇದ್ದೆ, ನಾವು ಒಳಗೆ ಮಾತಾಡುತ್ತಲೇ ಇದ್ದೆವು.

ಬೇಕೆಂದಾಗ ಊರಿಗೆ ಹೋಗಬಹುದಾ ಅಂತ ಕೇಳಿದೆ. ನಕ್ಕರು. ಗುರುತಿನ ಚೀಟಿ ನಿನ್ನ ಬೀರುವಿನಲ್ಲಿ, ವರ್ಷಗಟ್ಟಲೆಯ ಸಂಬಳ 'ಭದ್ರವಾಗಿ' ಭಾವನ ಹತ್ತಿರ, ನೀವು ಹೊರಟರೆ ಬಾಗಿಲಿಗೆ ಹೊರಗಿನಿಂದ ಬೀಗ. ಮಗಳ ಮೊದಲ ಹೆರಿಗೆಗೆ ನೀನು ಬಿಡಲಿಲ್ಲವಂತೆ. ಎರಡನೆಯದಕ್ಕಾದರೂ ಹೋಗಬೇಕು ಅಂದರು. ಆಗಲೇ ಹೊರಗೆ ಬಂದು ನಿನ್ನ ಜುಟ್ಟು ಹಿಡಿಯುವ ಆವೇಶ ನನಗೆ. ಅವರೇ ತಡೆದರು. ನೀವು ಕೂಗಾಡಿ ಹೊರಟು ಹೋಗ್ತೀರಿ, ಇಲ್ಲಿ ಉಳಿಯೋಳು ನಾನು ಅಂದರು. ಅದಕ್ಕೇ ಬಾಯಿ ಮುಚ್ಚಿಕೊಂಡು ನಿನ್ನೆದುರು ಹಲ್ಲುಗಿಂಜುತ್ತ ಇನ್ನೊಂದು ಲೋಟ ಕಾಫಿ ಕುಡಿದೆ. ನನ್ನ ವೃತ್ತಿಜೀವನದ ಅತಿ ಕಷ್ಟದ ವಾದ ಅದು.

ಮನೆಮಗಳ ಹಾಗೆ ನೋಡಿಕೊಂಡೆವು ಅಂತ ಕೋರ್ಟಿನಲ್ಲಿ ಹೇಳುತ್ತೀಯಂತೆ. ಧಾರಾಳವಾಗಿ ಹೇಳು. ಅಮ್ಮ ಮನೆಮಗಳನ್ನು ಒಳಗಿಟ್ಟು ಬೀಗ ಹಾಕಿದ್ದರೆ ನಿನಗೆ ಭಾವ ಎಲ್ಲಿ ಸಿಗುತ್ತಿದ್ದರು ಅಂತ ಕೆಲಸದವರ ಪರ ವಕೀಲೆ ಕೇಳುತ್ತಾಳೆ. ಆಕೆ ನನ್ನ ಗೆಳತಿ. ಕೋರ್ಟಿನಲ್ಲಿ ಅವಳ ಅಡ್ಡಹೆಸರು ಸುತ್ತಿಗೆ. ಕೆಲಸದ ಕರಾರಿಗೆ ಅವರೇ ಒಪ್ಪಿ ಸಹಿ ಹಾಕಿದ್ದಾರೆ ಅಂತಲೂ ನೀನು ಅಂದೆ. ಒಪ್ಪಿ ಒಳಗೆ ಬಂದವರು ಹೊರಗೆ ಹೋಗಲು ನಿನ್ನ ಒಪ್ಪಿಗೆ ಕಾಯಬೇಕಿಲ್ಲ, ಅಕ್ಕ.

ನಾನು ಕರಿಕೋಟು ಕಳಚಿಟ್ಟು ಕಟಕಟೆ ಹತ್ತುತ್ತೇನೆ, ಸಾಕ್ಷಿಯಾಗಿ. ತವರಿನ ಮಾನ ತೆಗೆದೆ, ಹೊಸ್ತಿಲು ತುಳಿಯಬೇಡ ಅಂತ ನೀನು ಬರೆಯುತ್ತೀಯ. ಬರೆ. ಹಬ್ಬವೋ ಹುಣ್ಣಿಮೆಯೋ ನೋಡದೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಅಲ್ಲೇ ಕೂತು ಹಾಡುತ್ತೇನೆ. ನನ್ನ ಕಂಠ ಎಂಥದ್ದು ಅಂತ ನಿನಗೆ ಗೊತ್ತು. ಸಾಕ್ಷಿಯನ್ನು ಮಾತ್ರ ಹಿಂತೆಗೆಯುವುದಿಲ್ಲ.

ಎಷ್ಟು ಬೈದರೂ ನಿನ್ನವಳೇ,
ಬಾಯಿಬಡುಕಿ ತಂಗಿ

ತಾ.ಕ.: ಕಾಫಿ ಅವರು ಚೆಲ್ಲಿದ್ದಲ್ಲ. ನಾನೇ ಬೇಕಂತ ಮೊಣಕೈ ತಾಗಿಸಿದ್ದು. ನನ್ನಿಂದಾಗಿ ಬೈಸಿಕೊಂಡಿರಿ ಅಂತ ನಿನ್ನೆ ಇಲಾಖೆಯಲ್ಲಿ ಹೇಳಿಕೆ ಮುಗಿದ ಮೇಲೆ ಮಗಳ ಊರಿನ ಬಸ್ಸು ಹತ್ತಿಸುವಾಗ ಅವರಲ್ಲಿ ಕ್ಷಮೆ ಕೇಳಿದೆ. ಅವರಿಗೆ ಆಗಲೇ ತಿಳಿದಿತ್ತಂತೆ. ಇಲ್ಲದಿದ್ದರೆ ಅಷ್ಟು ಸಣ್ಣ ಕಲೆಗೆ ಅಷ್ಟು ಜೋರಾಗಿ ನಲ್ಲಿ ಯಾಕೆ ಬಿಡ್ತಿದ್ದೆ ಅಂದರು.