ಕಟುಕ ಕ್ರೋಗನ್ನನ ಪಟ ಯಾವ ಗೋಡೆಗೆ

ಹೆಸಲ್‌ಡೆನ್, ಲ್ಯಾಂಕಾಶೈರ್
ಗುರುವಾರ, ೧೨ ನವೆಂಬರ್ ೧೯೯೮

ಪ್ರೀತಿಯ ಗ್ಲೆನಿಸ್,

ನೀನು ಕಳಿಸಿದ ಉಣ್ಣೆಯ ಕಾಲುಚೀಲ ಬಂದು ಮೂರು ವಾರವಾಯಿತು. ತಲುಪಿತು ಎಂದು ಒಂದು ಸಾಲು ಬರೆಯದ ಅಮ್ಮನನ್ನು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಮೂರು ಸಲ ಕಾಗದ ಹಿಡಿದು ಕೂತೆ, ಮೂರು ಸಲವೂ ನಿನ್ನ ಹೆಸರು ಬರೆದು ಎದ್ದುಹೋದೆ. ಮೊಣಕಾಲು ಚೆನ್ನಾಗಿದೆ, ಹೊಟ್ಟೆತುಂಬ ತಿನ್ನುತ್ತಿದ್ದೇನೆ, ಪಕ್ಕದ ಮನೆಯ ನಾಯಿ ಕೊನೆಗೂ ಬಾಯಿ ಮುಚ್ಚಿದೆ. ಕೆಟ್ಟಿರುವುದು ತಲೆ ಒಂದೇ. ಫೋನಿನಲ್ಲಿ ಹೇಳುವ ವಿಷಯವಲ್ಲ ಇದು. ನಡುವೆ ನೀನು ಅತ್ತುಬಿಟ್ಟರೆ ನನ್ನಿಂದ ಮುಗಿಸಲಾಗುವುದಿಲ್ಲ.

ಬಟ್ಟೆ ಅಂಗಡಿ ಮಿರ್ಜಾ ಇದ್ದನಲ್ಲ, ಅವನ ಮಗಳು ಷಗುಫ್ತಾ ಈಗ ನಮ್ಮ ಊರಿನ ಗ್ರಂಥಾಲಯದಲ್ಲಿದ್ದಾಳೆ. ಚುರುಕು ಹುಡುಗಿ. ನಿಮ್ಮಪ್ಪನ ಕುಸ್ತಿ ಮಂಡಳಿಯ ಚರಿತ್ರೆಯನ್ನೆಲ್ಲ ಕಲೆಹಾಕಿ ಒಂದು ಪ್ರದರ್ಶನ ಮಾಡುತ್ತಿದ್ದಾಳೆ. ಐವತ್ತೇಳರಿಂದ ಎಪ್ಪತ್ತೊಂಬತ್ತರವರೆಗೆ, ಹನ್ನೊಂದು ಊರು, ವಾರಕ್ಕೆ ಮೂರು ಆಟ. ಚಳಿಗಾಲದಲ್ಲಿ ಈಜುಕೊಳದ ಮೇಲೆ ಹಲಗೆ ಹಾಸಿ ರಿಂಗ್ ಕಟ್ಟುತ್ತಿದ್ದುದು ನಿನಗೆ ನೆನಪಿರಬೇಕು. ನಿಮ್ಮಪ್ಪ ಮನೆಗೆ ಬಂದರೆ ಮೈಯೆಲ್ಲ ಕ್ಲೋರಿನ್ ವಾಸನೆ. ಅವಳು ನಿಮ್ಮಪ್ಪನ ನೀಲಿ ನಿಲುವಂಗಿ ಕೇಳಿದಳು, ಇಸ್ತ್ರಿ ಮಾಡಿ ಕೊಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು, "ಪಕ್ಕದಲ್ಲೇ ಕಟುಕ ಕ್ರೋಗನ್ ಪಟ ಹಾಕ್ತೀವಿ, ಚೆನ್ನಾಗಿರತ್ತೆ," ಅಂದಳು. ನನಗೆ ಮೈ ಉರಿದುಹೋಯಿತು.

ರಿಂಗಿನಲ್ಲಿ ಕಟುಕ ಕ್ರೋಗನ್, ನಿಜ ಹೆಸರು ಸೆಡ್ರಿಕ್ ಹಿಂಡ್ಲ್. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅರವತ್ತನಾಲ್ಕರಲ್ಲಿ ನಿಮ್ಮಪ್ಪನ ಕೊರಳ ಮೂಳೆ ಮುರಿದವನು ಅವನು. ಆರು ವಾರ ನಾನು ಚಮಚದಲ್ಲಿ ಉಣಿಸಿದೆ. ಒಂಬತ್ತು ವರ್ಷದ ನೀನು ಮೀನಿನಂಗಡಿಯ ಮುಂದೆ ಅವನ ಮೊಣಕಾಲಿಗೆ ಜಾಡಿಸಿ ಒದ್ದೆ. ಅವನು ನಿನ್ನನ್ನೇ ಒಂದು ಗಳಿಗೆ ನೋಡಿ, ಕುಂಟುತ್ತ ಹೋದ. ನಾನೇನು ಕಡಿಮೆ? ಮುಂದಿನ ಸಾಲಿನಲ್ಲಿ ಕೂತು, ಅವನು ಹಗ್ಗದ ಹತ್ತಿರ ಬಂದಾಗ ಟೋಪಿಯ ಪಿನ್ನು ತೆಗೆದು ತೊಡೆಗೆ ಚುಚ್ಚಿದ್ದೇನೆ. ಕುಸ್ತಿಯೆಲ್ಲ ಮೊದಲೇ ಮಾತಾಡಿಕೊಂಡ ನಾಟಕ ಎಂದು ಪೇಪರಿನವರು ಬರೆದಾಗ ನಾನು ನಕ್ಕಿದ್ದೆ. ನಿಮ್ಮಪ್ಪನ ಬೆನ್ನಿಗೆ ಎಣ್ಣೆ ತಿಕ್ಕಿದವಳು ನಾನು, ಪೇಪರಿನವರಲ್ಲ.

ಮರುದಿನ ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಎರ್ನಿ ಸ್ಕೋಫೀಲ್ಡ್ ಕೂತಿದ್ದ. ಮಂಡಳಿಯ ವ್ಯಾನು ಓಡಿಸಿ, ರಿಂಗ್ ಕಟ್ಟಿ ಬಿಚ್ಚುತ್ತಿದ್ದವನು. ಈಗ ಹಲ್ಲೊಂದೂ ಇಲ್ಲ, ಬಾಯಿ ಮಾತ್ರ ಹಾಗೇ ಇದೆ.

"ಆ ಕಟುಕನ ಪಟ ಆ ಗೋಡೆ ಮೇಲೆ ಬರೋದಾದ್ರೆ ನನ್ನ ಗಂಡನ ನಿಲುವಂಗಿ ವಾಪಸ್ ಕೊಡು," ಅಂದೆ ಹುಡುಗಿಗೆ.

"ಮಿಸೆಸ್ ಟಾಟರ್ಸಾಲ್, ಸ್ವಲ್ಪ ಕೂತ್ಕೊಳ್ಳಿ. ಎರ್ನಿಯವರು ಒಂದು ಫೋಟೋ ತಂದಿದಾರೆ. ನೀವು ನೋಡಿರ್ತೀರಿ ಅಂದ್ಕೊಂಡಿದ್ದೆ."

ನಾನು ನೋಡಿರಲಿಲ್ಲ. ಊರಾಚೆಯ ಬೋಳುಗುಡ್ಡ, ವ್ಯಾನಿನ ಹಿಂಬಾಗಿಲು ತೆರೆದಿದೆ. ಇಬ್ಬರು ಗಂಡಸರು ಕಾಲು ಇಳಿಬಿಟ್ಟು ಕೂತಿದ್ದಾರೆ. ಒಬ್ಬ ನಿಮ್ಮಪ್ಪ, ಕೊರಳಿಗೆ ಜೋತುಹಾಕಿದ ಪಟ್ಟಿಯಲ್ಲಿ ಕೈ. ಇನ್ನೊಬ್ಬ ಕ್ರೋಗನ್. ಕ್ರೋಗನ್ ಮಾಂಸದ ಕಡುಬು ಮುರಿದು ನಿಮ್ಮಪ್ಪನ ಬಾಯಿಗೆ ಇಡುತ್ತಿದ್ದಾನೆ. ನಿಮ್ಮಪ್ಪ ನಗುತ್ತಿದ್ದಾನೆ, ಗ್ಲೆನಿಸ್. ಹಾಗೆ ನಕ್ಕಿದ್ದನ್ನು ನಮ್ಮ ಮದುವೆಯ ದಿನ ಬಿಟ್ಟರೆ ನಾನು ಕಂಡಿಲ್ಲ.

"ಅಯ್ಯೋ ದೇವ್ರೇ, ನಿಂಗೆ ಹೇಳೇ ಇರ್ಲಿಲ್ವಾ ಅವ್ನು?" ಅಂದ ಎರ್ನಿ. "ಕಟ್ಕೊಂಡ ಹೆಂಡ್ತಿಗೂ ಹೇಳ್ಲಿಲ್ವಾ? ಇಷ್ಟೊತ್ತಿಗೆ ಗೊತ್ತಾಗಿರತ್ತೆ ಅಂದ್ಕೊಂಡಿದ್ದೆ ಕಣಮ್ಮ."

"ಏನು ಗೊತ್ತಾಗ್ಬೇಕಿತ್ತು?"

"ಅವರಿಬ್ರೂ ಒಂದೇ ಜೀವ. ರಿಂಗಲ್ಲಿ ಒಳ್ಳೆಯವನು, ಕೆಟ್ಟವನು ಆಗಿ ಆಡೋರು ಒಟ್ಟಿಗೆ ಚಾ ಕುಡಿಯೋದು ಯಾರಾದ್ರೂ ಕಂಡ್ರೆ ನಾಳೆ ಆಟಕ್ಕೆ ನರಪಿಳ್ಳೆ ಬರಲ್ಲ, ಅದಕ್ಕೇ ಬಾಯಿ ಹೊಲ್ಕೊಂಡ್ರು. ಎಲ್ಲಾ ಊರಿಗೂ ನನ್ನ ವ್ಯಾನಲ್ಲೇ ಇಬ್ರೂ. ಊರು ಒಂದು ಮೈಲಿ ಇರೋವಾಗ ಸೆಡ್ರಿಕ್ ಚೀಲ ಹೆಗಲಿಗೆ ಹಾಕ್ಕೊಂಡು ಇಳಿಯೋನು, ನಡ್ಕೊಂಡು ಬರೋನು. ಮಳೆ, ಹಿಮ ಏನಿದ್ರೂ ಸೈ. ಒಂದ್ಸಲ ಹುಬ್ಬಿನ ತುಂಬ ಹಿಮ ಮೆತ್ಕೊಂಡು ಬಂದ. ಜನ ಅದಕ್ಕೂ ಥೂ ಅಂದ್ರು!"

"ಮತ್ತೆ ಮೂಳೆ? ಮೂಳೆ ಮುರಿದದ್ದು?"

"ಅದು ನಿಜವಾಗ್ಲೂ ಮುರೀತು, ಕೈತಪ್ಪಿ. ಅವತ್ತು ವ್ಯಾನಲ್ಲಿ ಸೆಡ್ರಿಕ್ ಅತ್ತಿದ್ದು ನೋಡ್ಬೇಕಿತ್ತು ನೀನು. ನಿನ್ನ ಗಂಡ ವಿಲ್ಫೇ ಅವನ್ನ ಸಮಾಧಾನ ಮಾಡ್ದ. 'ಅಳಬೇಡ್ವೋ ಪೆದ್ದ, ಇದ್ರಿಂದ ಎರಡು ವರ್ಷ ಹಾಲ್ ತುಂಬತ್ತೆ' ಅಂದ. ತುಂಬ್ತು ಕೂಡ."

ಇನ್ನೂ ಮುಗಿದಿಲ್ಲ. ಪ್ರೆಸ್ಟನ್ನಿನ ಪಾಲುದಾರ ಹೀಗಂದ, ಪಾಲುದಾರ ಹಾಗಂದ ಎಂದು ನಿಮ್ಮಪ್ಪ ಹೇಳುತ್ತಿದ್ದನಲ್ಲ, ಪ್ರತಿ ಗುರುವಾರ ಭೇಟಿಗೆ ಹೋಗುತ್ತಿದ್ದನಲ್ಲ, ಪ್ರೆಸ್ಟನ್ನಿನಲ್ಲಿ ಅಂಥವನು ಯಾರೂ ಇರಲಿಲ್ಲ. ಮಂಡಳಿಯ ಅರ್ಧ ಸೆಡ್ರಿಕ್‌ನದು. ಕ್ರಿಸ್‌ಮಸ್ಸಿಗೆ ನಮ್ಮ ಮನೆಗೆ ಬರುತ್ತಿದ್ದ ಬಾತುಕೋಳಿ ಅವನು ಕಳಿಸಿದ್ದು. ಎಂಥ ದೊಡ್ಡ ಮನಸ್ಸಿನ ಪಾಲುದಾರ ಎಂದು ಹೊಗಳುತ್ತ ನಾನು ಅದನ್ನು ಬೇಯಿಸಿದೆ, ಕಟುಕನನ್ನು ಶಪಿಸುತ್ತ ತಿಂದೆ.

ಆ ಹುಡುಗಿ ನೀರು ತಂದುಕೊಟ್ಟಳು. ಮೂವತ್ತನಾಲ್ಕು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡ! ನನಗೆ ಮೊದಲು ಬಂದದ್ದು ಸಿಟ್ಟು. ಸೀದಾ ಗೋರಿಯ ಹತ್ತಿರ ಹೋಗಿ, ನಾನೇನು ಬೀದಿಯವಳಾ, ನನ್ನ ಬಾಯಿಗೆ ಬೀಗ ಇರಲಿಲ್ಲವಾ ಎಂದು ಕೂಗಾಡಿದೆ. ಅಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿ ನೋಡಿದ. ಆಮೇಲೆ ಯೋಚಿಸಿದೆ. ನನಗೆ ಗೊತ್ತಿದ್ದರೆ ಪಿನ್ನು ಚುಚ್ಚುತ್ತಿದ್ದೆನಾ? ನೀನು ಒದೆಯುತ್ತಿದ್ದೆಯಾ? ನಮ್ಮ ದ್ವೇಷ ನೋಡಿಯೇ ಊರು ನಂಬಿದ್ದು. ಅವನ ಹೆಂಡತಿ ಮಗಳೇ ಹೀಗಾಡಬೇಕಾದರೆ ನಿಜವೇ ಇರಬೇಕು ಅಂದುಕೊಂಡರು. ನಾವಿಬ್ಬರೂ ಆಟದೊಳಗೇ ಇದ್ದೆವು, ನಮಗೆ ಮಾತ್ರ ತಿಳಿದಿರಲಿಲ್ಲ.

ಸೆಡ್ರಿಕ್ ಬದುಕಿದ್ದಾನೆ. ಕಾಲುವೆಯ ಆಚೆ ಇರುವ ವೃದ್ಧಾಶ್ರಮದಲ್ಲಿ. ಎಂಬತ್ತೊಂದು ವರ್ಷ. ಶನಿವಾರ ಪ್ರದರ್ಶನ ಶುರುವಾಗುತ್ತದೆ. ಅವನನ್ನು ಕರೆತಂದು, ನಿಮ್ಮಪ್ಪನ ಪಟದ ಪಕ್ಕದಲ್ಲಿ ನಿಲ್ಲಿಸಿ, ಊರಿಗೆಲ್ಲ ನಿಜ ಹೇಳಿಬಿಡಬೇಕು ಎಂದು ತೀರ್ಮಾನಿಸಿದೆ. ಕಳೆದ ಭಾನುವಾರ ಹೋದೆ. ಮುದುಕ ಮುದುಕಿಯರೆಲ್ಲ ಚಹಾ ಕುಡಿಯುತ್ತಿದ್ದರು. ಗಾಲಿಕುರ್ಚಿಯಲ್ಲಿ ಅವನು, ಅರ್ಧಕ್ಕರ್ಧ ಕರಗಿಹೋಗಿದ್ದಾನೆ.

"ಸೆಡ್ರಿಕ್, ಎರ್ನಿ ನಂಗೆಲ್ಲಾ ಹೇಳ್ದ," ಅಂದೆ.

ಅವನು ಮುಖ ಗಂಟಿಕ್ಕಿಕೊಂಡು, ಕೋಣೆಗೆಲ್ಲ ಕೇಳುವ ಹಾಗೆ ಅರಚಿದ: "ಯಾವ ಎರ್ನಿ? ನೋಡ್ರೋ ಯಾರು ಬಂದಿದಾಳೆ! ಆ ಹೇಡಿ ಟಾಟರ್ಸಾಲ್‌ನ ಹೆಂಡ್ತಿ! ನಿನ್ನ ಗಂಡಂಗೆ ಇನ್ನೊಂದು ಮೂಳೆ ಮುರೀಬೇಕಿತ್ತು ನಾನು!"

"ಥೂ ಕಟುಕ!" ಎಂದು ಒಬ್ಬ ಮುದುಕಿ ಬಿಸ್ಕತ್ತು ಎಸೆದಳು. ಎಲ್ಲರೂ ಕೂಗಿದರು. ಎಷ್ಟು ಖುಷಿ ಅವರಿಗೆ!

ಗದ್ದಲದ ನಡುವೆ ಅವನು ನನ್ನ ತೋಳು ಹಿಡಿದು ಬಗ್ಗಿಸಿಕೊಂಡ. ಹಿಡಿತದಲ್ಲಿ ಶಕ್ತಿಯೇ ಇರಲಿಲ್ಲ. ಕಿವಿಯಲ್ಲಿ ಹೇಳಿದ: "ಎಲ್ರೆದುರು ಬೇಡ ಈಡಿತ್. ಅವ್ನಿಗೆ ಮಾತು ಕೊಟ್ಟಿದೀನಿ. ಪಟ ಪಕ್ಕಪಕ್ಕ ಹಾಕ್ಬೇಡಿ, ಎದುರುಬದುರು ಗೋಡೆಗೆ ಹಾಕ್ಸು. ವಿಲ್ಫ್ ಇದ್ದಿದ್ರೆ ಹಂಗೇ ಹಾಕ್ಸೋನು. ಎಂಥ ಗಟ್ಟಿ ಮನುಷ್ಯ ಗೊತ್ತಾ? ಆಸ್ಪತ್ರೆಗೆ ಬಂದಿದ್ನಲ್ಲ ನಾನು, ಮುಖ ನೋಡಲ್ಲ ಹೋಗು ಅಂತ ಹೇಳಿ ಕಳಿಸ್ದ. ಸಾಯೋ ಹೊತ್ತಲ್ಲೂ ಆಟ ಬಿಡ್ಲಿಲ್ಲ. ನಂಗೆ ನೋವಾಯ್ತು, ಸುಳ್ಳು ಹೇಳಲ್ಲ. ಆದ್ರೆ ಅಂಥ ಪೈಲ್ವಾನ ಇನ್ನೊಬ್ಬ ಹುಟ್ಟಲ್ಲ."

ಹೇಳುವಾಗ ಅವನ ಕಣ್ಣು ಹೆಮ್ಮೆಯಿಂದ ಹೊಳೆಯುತ್ತಿತ್ತು. ಕೋಟು ಹಾಕಿಕೊಂಡು ಬಂದುಬಿಟ್ಟೆ. ಪಟಗಳನ್ನು ಎದುರುಬದುರು ಗೋಡೆಗೆ ಹಾಕಲು ಹುಡುಗಿಗೆ ಹೇಳಿದ್ದೇನೆ, ಆ ಫೋಟೋವನ್ನು ಎರ್ನಿಗೆ ವಾಪಸ್ ಕೊಡಿಸಿದ್ದೇನೆ. ಅವನ ಬಾಯಿಗೂ ಬೀಗ ಹಾಕಿಸಿದ್ದೇನೆ, ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ.

ನಿನಗೆ ಶನಿವಾರ ರಜೆ ಸಿಕ್ಕರೆ ಬಾ, ಸಿಗದಿದ್ದರೆ ಬೇಸರವಿಲ್ಲ. ಅಳಿಯನಿಗೆ ಕೆಮ್ಮು ಕಡಿಮೆಯಾಗಿದೆ ಅಂದುಕೊಳ್ಳುತ್ತೇನೆ. ಮಕ್ಕಳಿಗೆ ಅಜ್ಜಿಯ ಮುತ್ತು. ನೀವೆಲ್ಲ ಬೆಚ್ಚಗಿರಿ, ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಮ್ಮ,
ಈಡಿತ್

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಗ್ಲೆನಿಸ್, ಸೆಡ್ರಿಕ್‌ನನ್ನು ಆಸ್ಪತ್ರೆಯಿಂದ ಅಟ್ಟಿದ್ದು ನಿಮ್ಮಪ್ಪ ಅಲ್ಲ. ನಾನು. ಟೋಪಿ ಕೈಯಲ್ಲಿ ಹಿಡಿದು, ಒಂದು ಪೊಟ್ಟಣ ದ್ರಾಕ್ಷಿ ತಂದಿದ್ದ. "ನಿನ್ನ ಮುಖ ನೋಡಲ್ವಂತೆ, ಹೋಗು," ಎಂದು ನಾನೇ ಬಾಯಿಗೆ ಬಂದದ್ದು ಹೇಳಿದೆ. ಒಳಗೆ ನಿಮ್ಮಪ್ಪ ಎರಡು ದಿನದಿಂದ "ಸೆಡ್ರಿಕ್ ಬಂದ್ನಾ, ಸೆಡ್ರಿಕ್ ಬಂದ್ನಾ" ಎಂದು ಕೇಳುತ್ತಲೇ ಇದ್ದ. ಜ್ವರದಲ್ಲಿ ಹಳೇ ಜಗಳ ನೆತ್ತಿಗೇರಿದೆ ಅಂದುಕೊಂಡು, "ಅವನು ಬರಲ್ಲ, ಹೆದರ್ಬೇಡ," ಎಂದು ಹಣೆ ಒರೆಸಿದೆ. ಸಾಯುವವರೆಗೂ ಬಾಗಿಲ ಮೇಲಿಂದ ಕಣ್ಣು ತೆಗೆಯಲಿಲ್ಲ. ನೀನು ಒಂದು ರೈಲು ತಪ್ಪಿ, ಮುಂದಿನದರಲ್ಲಿ ಅಬರ್ಡೀನ್‌ನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗಾಗಿ ಬಾಗಿಲು ನೋಡುತ್ತಲೇ ಹೋದ ಎಂದು ನಿನಗೆ ಹೇಳಿದೆ, ಹಾಗೇ ನಂಬಿದ್ದೆ ಕೂಡ. ಹನ್ನೆರಡು ವರ್ಷ ಆ ರೈಲು ತಪ್ಪಿದ್ದಕ್ಕೆ ನೀನು ಅಳುತ್ತ ಬಂದಿದ್ದೀಯ. ಇನ್ನು ಅಳಬೇಡ ಮಗಳೇ. ಅವನು ಕಾಯುತ್ತಿದ್ದುದು ನಿನ್ನನ್ನಲ್ಲ.