ಎರಡು ರಾತ್ರಿಗಿಂತ ಹೆಚ್ಚು ನಿಲ್ಲುವಂತಿಲ್ಲ

ಟೆ ಕೂಯಿಟಿ
ಏಪ್ರಿಲ್ 16, ಗುರುವಾರ ಬೆಳಿಗ್ಗೆ

ನನ್ನ ತಾಮಿಹಾನ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಆ ಕೆಂಪು ಧೂಳಿನ ಕೆಮ್ಮನ್ನು ಗಣಿಯ ವೈದ್ಯರಿಗೆ ತೋರಿಸಿದೆಯೋ, ಇಲ್ಲ ಇನ್ನೂ 'ತೋರಿಸ್ತೀನಿ ಬಿಡೇ' ಎಂದೇ ದಿನ ತಳ್ಳುತ್ತಿದ್ದೀಯೋ? ಹೊಟ್ಟೆತುಂಬ ತಿನ್ನು. ಹೋದ ಸಲ ವಿಡಿಯೊದಲ್ಲಿ ನಿನ್ನ ಕತ್ತು ಸಣ್ಣಗಾದ ಹಾಗೆ ಕಂಡಿತು. ನಿನ್ನ ಮಗಳು ಕಾಹು ಕೂಡ ಅದನ್ನೇ ಹೇಳಿದಳು.

ನಾವು ಮೂವರೂ ಚೆನ್ನಾಗಿದ್ದೇವೆ. ಈ ಮಾತನ್ನು ಫೋನಿನಲ್ಲಿ ಆರು ವಾರದಿಂದ ಹೇಳುತ್ತಾ ಬಂದಿದ್ದೇನೆ. ನಿನ್ನ ಧ್ವನಿ ಕೇಳಿದ ಕೂಡಲೇ ಅದು ತಾನಾಗಿ ಬಾಯಿಗೆ ಬರುತ್ತದೆ. ಅದಕ್ಕೇ ಈ ಕಾಗದ. ಹಂಟ್ಲಿಯ ಮನೆ ಈಗ ನಮ್ಮದಲ್ಲ. ಮನೆ ಮಾಲೀಕ ಅದನ್ನು ಮಾರಿದ. ಮಾರ್ಚ್ ಮೊದಲ ವಾರ ಬೀಗದ ಕೈ ಕೊಟ್ಟೆ. ಬೇರೆ ಮನೆ ಹುಡುಕಿದೆ, ಒಂದೊಂದು ಮನೆಗೂ ಮೂವತ್ತು ಜನ ಸಾಲು ನಿಂತಿರುತ್ತಿದ್ದರು. ಸಾಮಾನೆಲ್ಲ ನನ್ನಣ್ಣನ ಗ್ಯಾರೇಜಿನಲ್ಲಿದೆ. ಅವನು ಮೀನು ಹಿಡಿಯಲು ಹೋಗುತ್ತಿದ್ದ ಆ ಹಳೇ ಕ್ಯಾಂಪರ್ ವ್ಯಾನಿನಲ್ಲಿ ನಾನು, ಕಾಹು, ಮಾವ. ರಜೆ ಬರುವವರೆಗೆ ನದಿದಂಡೆಯಲ್ಲಿ, ಈಜುಕೊಳದ ಹಿಂದೆ ಎಲ್ಲೆಲ್ಲೋ ನಿಲ್ಲಿಸಿಕೊಂಡು ಮಗಳನ್ನು ಶಾಲೆಗೆ ಬಿಟ್ಟೆ. ರಜೆ ಬಂದ ಮೇಲೆ 'ಪ್ರವಾಸ' ಎಂದು ಹೆಸರಿಟ್ಟು ಹೊರಟೆವು. ನಾನು ಕಳಿಸಿದ ಸಮುದ್ರದ ಫೋಟೋಗಳನ್ನು ನೀನು ಗೆಳೆಯರಿಗೆಲ್ಲ ತೋರಿಸಿದೆಯಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಬೈಯಬೇಕೆನಿಸಿದರೆ ಬೈದುಬಿಡು, ಆಮೇಲೆ ಮುಂದೆ ಓದು.

ನಿಲ್ಲಿಸಬಹುದಾದ ಕಡೆಯಲ್ಲೆಲ್ಲ ಒಂದು ಬೋರ್ಡು, ಎರಡು ರಾತ್ರಿಗಿಂತ ಹೆಚ್ಚು ನಿಲ್ಲುವಂತಿಲ್ಲ ಎಂದು. ರಾಗ್ಲನ್, ಕಾಫಿಯಾ, ಮೊಕೌ ಎಂದು ಸುತ್ತಿದೆವು. ಈಗ ನನಗೆ ಬೋರ್ಡೇ ಬೇಡ, ಮೂರನೇ ಬೆಳಿಗ್ಗೆ ಕೈ ತಾನಾಗಿ ಹಾಸಿಗೆ ಸುತ್ತುತ್ತದೆ. ಮಾವನಂತೂ ನನಗಿಂತ ಹೆಚ್ಚು ಚಡಪಡಿಸುತ್ತಿದ್ದರು. ಕಾಹು ದಿನಾ 'ಹೊಳೆಯುವ ಹುಳದ ಗುಹೆಗೆ ಯಾವಾಗ?' ಎಂದು ಪೀಡಿಸುತ್ತಿದ್ದಳು. ವೈಟೊಮೊ ತಿರುವು ಬಂದಾಗಲೆಲ್ಲ ಮಾವ ಕಿಟಕಿಯಾಚೆ ನೋಡುತ್ತಾ 'ಮುಂದೆ ಹೋಗಮ್ಮ' ಎನ್ನುತ್ತಿದ್ದರು. ಹೀಗೆ ಮೂರು ಸಲ ಅದನ್ನು ದಾಟಿದೆವು. ಮಂಗಳವಾರ ನಾಲ್ಕನೇ ಸಲ. ನಾನು ವೇಗ ತಗ್ಗಿಸಿರಲೂ ಇಲ್ಲ. 'ತಿರುಗಿಸು' ಎಂದರು, ಅಷ್ಟೇ.

ಅವರು ಹುಡುಗರಾಗಿದ್ದಾಗ ಆ ಗುಹೆಯಲ್ಲಿ ದೋಣಿ ಎಳೆಯುತ್ತಿದ್ದರೆಂದು ನಿನಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಮೆಟ್ಟಿಲಿಳಿದು, ಸುಣ್ಣಕಲ್ಲಿನ ದೊಡ್ಡ ಹಜಾರ ದಾಟಿ, ದೋಣಿ ಹತ್ತಿದೆವು. ಅಲ್ಲಿ ಹುಟ್ಟೂ ಇಲ್ಲ, ಯಂತ್ರವೂ ಇಲ್ಲ. ತಲೆಯ ಮೇಲೆ ಕಟ್ಟಿದ ಹಗ್ಗ ಹಿಡಿದು ಗೈಡ್ ದೋಣಿಯನ್ನು ಎಳೆಯಬೇಕು, ಯಾರೂ ಮಾತಾಡುವಂತಿಲ್ಲ. ಮೇಲೆ ನೋಡಿದೆ, ಚಾವಣಿ ತುಂಬ ಹುಳಗಳ ಬೆಳಕು. ಎಲ್ಲರೂ ನಕ್ಷತ್ರ ಎನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಗುಡ್ಡದ ಮೇಲಿಂದ ಕಂಡ ಊರಿನ ಹಾಗಿತ್ತು, ಒಂದೂ ಬಿಡದೆ ಎಲ್ಲ ಮನೆಯಲ್ಲೂ ದೀಪ. ನನಗೆ ಅದನ್ನು ನೋಡಲಾಗಲಿಲ್ಲ, ತಲೆ ತಗ್ಗಿಸಿಕೊಂಡು ಕೂತೆ. ಆಗಲೇ ದೋಣಿ ಇದ್ದಕ್ಕಿದ್ದಂತೆ ಹಗುರಾಗಿ ಸರಿಯತೊಡಗಿತು. ಮುಂದಿದ್ದ ಗೈಡ್ ಹುಡುಗಿ ಪಿಸುಗುಟ್ಟಿದಳು: 'ಯಾರ್ರೀ ಅದು ಹಗ್ಗ ಹಿಡಿದಿರೋದು? ಕೈ ಕೆಳಗಿಳಿಸಿ.' ಪಕ್ಕದಿಂದ ಮಾವನ ಧ್ವನಿ: 'ಎಳಿ ಮಗಳೇ, ಎಡಕ್ಕೆ ಒಂಚೂರು. ಮುಂದೆ ಕಲ್ಲು ತಗ್ಗಾಗಿದೆ.' ಎಪ್ಪತ್ತಾರು ವರ್ಷದ ಮನುಷ್ಯ ಕತ್ತಲಲ್ಲಿ ನಿಂತುಬಿಟ್ಟಿದ್ದರು! ಹುಡುಗಿ ಎಡಕ್ಕೆ ಎಳೆದಳು. ಹೊರಗೆ ಬೆಳಕಿಗೆ ಬಂದ ಮೇಲೆ ಅವರ ಮುಖವನ್ನೇ ನೋಡುತ್ತಾ 'ತಾತ, ನೀವು ಯಾರ ಪೈಕಿ?' ಎಂದಳು. ಮಾವ ತಮ್ಮ ಹೆಸರು ಹೇಳಿದರು, ಹೊಹೆಪಾ ಎಂದು. ಆ ಹುಡುಗಿ ರೊಯಿಮಾತಾ, ನಿನ್ನ ಸೋದರತ್ತೆ ಪಿರಿಹಿರಾ ಇದ್ದಾರಲ್ಲ, ನೀನು ಹೆಸರು ಮಾತ್ರ ಕೇಳಿರುವವರು, ಅವರ ಮೊಮ್ಮಗಳು. ಅಲ್ಲೇ ನಿಂತು ಅಜ್ಜಿಗೆ ಫೋನು ಹಚ್ಚಿದಳು. ಅಜ್ಜಿ 'ಕರ್ಕೊಂಡು ಬಾ, ನಂದೊಂದಿಷ್ಟು ಹೇಳೋದಿದೆ' ಎಂದರಂತೆ.

ದಾರಿಯಲ್ಲಿ ಮಾವ ಎಲ್ಲ ಹೇಳಿದರು. ನಿನ್ನ ಅಜ್ಜಿ ತೀರಿಕೊಂಡಾಗ ನೀವೆಲ್ಲ ಸಿಡ್ನಿಯಲ್ಲಿದ್ದಿರಿ, ನಿನಗೆ ಹತ್ತು ವರ್ಷ. ಮೂರು ದಿನ ದೇಹವನ್ನು ಇಟ್ಟುಕೊಂಡು ಇವರಿಗಾಗಿ ಕಾದರಂತೆ. 'ಹಿಡಿದ ಕೆಲಸ ಒಂದು ಮುಗಿಸಿ ಹೊರಡೋಣ ಅಂದ್ಕೊಂಡೆ, ಆರಿಹಿಯಾ. ಆ ಕಾಂಕ್ರೀಟು ಒಣಗೋದ್ರೊಳಗೆ ಅಮ್ಮ ಮಣ್ಣಿಗೆ ಹೋಗಿದ್ಲು. ಆಮೇಲೆ ಬರೋಕೆ ಮುಖ ಇರ್ಲಿಲ್ಲ.' ಮೂವತ್ತೊಂದು ವರ್ಷ, ತಾಮಿಹಾನ. ಹಂಟ್ಲಿಯಿಂದ ಇಲ್ಲಿಗೆ ಎರಡು ಗಂಟೆಯ ದಾರಿ.

ಪಿಯೊಪಿಯೊ ದಾಟಿ ಬಿಳಿಕಲ್ಲಿನ ಗುಡ್ಡಗಳ ನಡುವೆ ಪಿರಿಹಿರಾ ಅತ್ತೆಯ ಕುರಿಹಟ್ಟಿ. ಗೇಟಿನಲ್ಲೇ ನಿಂತಿದ್ದರು, ಮೊಣಕಾಲುದ್ದದ ರಬ್ಬರ್ ಬೂಟು, ಪಕ್ಕದಲ್ಲಿ ನಾಯಿ. 'ಎಂಜಿನ್ ಆರಿಸ್ಬೇಡಮ್ಮ, ನಂದು ಮುಗಿದ್ಮೇಲೆ ವಾಪಸ್ ಹೋಗ್ಬೇಕಾಗ್ಬಹುದು' ಎಂದು ನನಗೆ ಹೇಳಿ ತಮ್ಮನ ಕಡೆ ತಿರುಗಿದರು. 'ಮೂರು ದಿನ ಬಾಗಿಲು ಹಾಕ್ಲಿಲ್ಲ ಕಣೋ. ಕಾರು ಸದ್ದಾದಾಗೆಲ್ಲ ನಾನೇ ಎದ್ದು ನೋಡ್ತಿದ್ದೆ. ಹೆಣ ಎತ್ತೋಕೆ ಪಕ್ಕದ ಕಣಿವೆಯವರು ಹೆಗಲು ಕೊಟ್ರು. ನಿನ್ನ ಹೆಗಲು ಎಲ್ಲಿತ್ತು?' ಇನ್ನೂ ಏನೇನೋ. ಮಾವ ಕಷ್ಟಪಟ್ಟು ಕೆಳಗಿಳಿದು, ಟೋಪಿ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ನಿಂತಿದ್ದರು. ಬೈಗುಳ ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಸತ್ತವರಿಗಾಗಿ ಅಳುವ ಆ ದೊಡ್ಡ ಅಳು, ಮೊನ್ನೆ ತಾನೇ ಅಜ್ಜಿ ಹೋದ ಹಾಗೆ. ಇಬ್ಬರೂ ಮೂಗಿಗೆ ಮೂಗು, ಹಣೆಗೆ ಹಣೆ ಒತ್ತಿಕೊಂಡು ನಿಂತರು. ಕಾಹು ನನ್ನ ತೋಳು ಜಗ್ಗಿ 'ಅಮ್ಮಾ, ಇವ್ರು ಜಗಳ ಆಡ್ತಿದ್ದಾರಾ, ಅಳ್ತಿದ್ದಾರಾ?' ಎಂದಳು. ಅತ್ತೆ ಮೂಗೊರೆಸಿಕೊಳ್ಳುತ್ತಾ ಅವಳಿಗೇ ಉತ್ತರ ಕೊಟ್ಟರು: 'ಎರಡೂ ಆಯ್ತು. ಹಂದಿಮೂಳೆ ಸಾರು ಆರಿಹೋಗತ್ತೆ, ಒಳಗೆ ಬಾ.'

ಮಾರನೇ ದಿನ ಮಧ್ಯಾಹ್ನ ಹಟ್ಟಿಯ ಹಿಂದಿನ ತೊರೆ ಹಿಡಿದು ಒಂದು ಸಣ್ಣ ಗುಹೆಗೆ ಕರೆದೊಯ್ದರು. ಟಿಕೆಟ್ಟಿಲ್ಲ, ದೋಣಿಯಿಲ್ಲ, ಮೊಣಕಾಲುದ್ದ ತಣ್ಣೀರು. ಟಾರ್ಚು ಆರಿಸಿದೆವು. ತಾತ ಮೊಮ್ಮಗಳಿಗೆ ಹೇಳುತ್ತಿದ್ದರು, ಅದು ಹಸಿದ ಹುಳ, ಹಸಿವು ಹೆಚ್ಚಾದಷ್ಟೂ ಬೆಳಕು ಹೆಚ್ಚು, ನೂಲು ಇಳಿಬಿಟ್ಟು ಕಾಯುತ್ತಾ ಇರುತ್ತದೆ, ಇದ್ದ ಜಾಗ ಬಿಟ್ಟು ಹೋಗುವುದಿಲ್ಲ ಎಂದು. ಕಾಹು ಥಟ್ಟನೆ, 'ನಾವು ಮಾತ್ರ ಎರಡು ದಿನಕ್ಕೆ ಹೋಗ್ಬೇಕು. ನಮ್ಗೆ ಮನೆ ಇಲ್ಲ, ವ್ಯಾನೇ ನಮ್ಮನೆ' ಎಂದುಬಿಟ್ಟಳು. ಮಾವನೂ ನಾನೂ ಯಾರಿಗೂ ಹೇಳಿರಲಿಲ್ಲ. ಕತ್ತಲಿದ್ದದ್ದೇ ಒಳ್ಳೆಯದಾಯಿತು, ನನ್ನ ಮುಖ ಯಾರಿಗೂ ಕಾಣಲಿಲ್ಲ. ಅತ್ತೆ ಹೇಳಿದರು, ಉಣ್ಣೆ ಕತ್ತರಿಸುವವರು ಉಳಿಯುತ್ತಿದ್ದ ಎರಡು ಕೋಣೆ ಖಾಲಿಯಿವೆ, ಒಲೆ ಇದೆ, ಮಾಡು ಒಂದು ಕಡೆ ಸೋರುತ್ತದೆ ಎಂದು. 'ಸೋರೋ ಕಡೆ ಹೊಹೆಪಾ ಮಲಗ್ಲಿ. ಅವನಿಗೆ ಬರಬೇಕಾದ್ದೇ.' ಮಾವ ನಕ್ಕರು. ಅವರ ಆ ನಗುವನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಇಷ್ಟಾದ ಮೇಲೂ ನಾನೇನು ಮಾಡಿದೆ ಗೊತ್ತೇ? ಇವತ್ತು ಮೂರನೇ ಬೆಳಿಗ್ಗೆ ಹಾಸಿಗೆ ಸುತ್ತಿದೆ. ಮಾವ ಬಾಗಿಲಲ್ಲಿ ನಿಂತು 'ನಾನು ಬರಲ್ಲಮ್ಮ' ಎಂದರು. ಅತ್ತೆ ತಡೆಯಲಿಲ್ಲ, ಬ್ರೆಡ್ಡು ಕಟ್ಟಿಕೊಟ್ಟರು. ಕಾಹುವನ್ನು ಕೂರಿಸಿಕೊಂಡು ಟೆ ಕೂಯಿಟಿಯವರೆಗೆ ಬಂದೆ. ಇಲ್ಲಿ ಅಂಗಡಿ ಮುಂದೆ ನಿಲ್ಲಿಸಿ ಒಂದು ಗಂಟೆಯಾಯಿತು. ಉತ್ತರಕ್ಕೋ ದಕ್ಷಿಣಕ್ಕೋ ತಿಳಿಯುತ್ತಿಲ್ಲ. ಒಂದು ಕಡೆ ನಿಂತರೆ ನೀನಿಲ್ಲ ಎಂಬುದು ನನ್ನನ್ನು ಹಿಡಿದುಬಿಡುತ್ತದೆ. ಚಕ್ರ ಉರುಳುತ್ತಿದ್ದರೆ ಏನೋ ಆಗುತ್ತಿದೆ ಎನ್ನಿಸುತ್ತದೆ. ನಿನಗೂ ಹಾಗೇ ಏನೋ, ಅದಕ್ಕೇ ಒಂದು ಪಾಳಿ ಮುಗಿದರೆ ಇನ್ನೊಂದಕ್ಕೆ ಸಹಿ ಹಾಕುತ್ತೀಯ. ಕಾಹು ಬ್ರೆಡ್ಡು ತಿನ್ನುತ್ತಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಒಂದೂ ಪ್ರಶ್ನೆ ಕೇಳುತ್ತಿಲ್ಲ. ಅದನ್ನೇ ನನಗೆ ತಡೆಯಲಾಗುತ್ತಿಲ್ಲ.

ಮೈ ನೋಡಿಕೊ. ಬಿಸಿಲಲ್ಲಿ ಟೋಪಿ ಮರೆಯಬೇಡ. ಮಗಳ ಮುತ್ತುಗಳು, ಎಣಿಸಿ ಇಟ್ಟುಕೊ. ನಮ್ಮ ಹಿರಿಯರೆಲ್ಲ ನಿನ್ನ ಬೆನ್ನಿಗಿರಲಿ.

ನಿನ್ನ
ಆರಿಹಿಯಾ

ತಾ.ಕ.: ಕಾಗದ ಟೆ ಕೂಯಿಟಿಯಲ್ಲಿ ಅಂಚೆಗೆ ಹಾಕಲಿಲ್ಲ. ವ್ಯಾನು ತಿರುಗಿಸಿದೆ. ಪಿಯೊಪಿಯೊದ ಶಾಲೆಯ ಮುಂದೆ ಕೂತು ಇದಿಷ್ಟು ಗೀಚುತ್ತಿದ್ದೇನೆ. ರಜೆಯಾದರೂ ಕಚೇರಿ ತೆರೆದಿತ್ತು, ಕಾಹುವನ್ನು ಸೇರಿಸಿದೆ, ಸೋಮವಾರದಿಂದ ತರಗತಿ. ಅರ್ಜಿಯಲ್ಲಿ ವಿಳಾಸಕ್ಕೆ ಅತ್ತೆಯ ಹಟ್ಟಿಯದೇ ಬರೆದೆ. ಅದರ ಕೆಳಗೆ 'ತಂದೆ ಮಗುವಿನೊಂದಿಗೆ ವಾಸಿಸುತ್ತಾರೆಯೇ?' ಎಂದಿದೆ. ಹೌದು, ಇಲ್ಲ, ಎರಡು ಚೌಕ. ಪೆನ್ನು ಅಲ್ಲೇ ನಿಂತಿತು. ಗುಮಾಸ್ತೆ ಒಳ್ಳೆಯವಳು, 'ತಿಂಗಳ ಕೊನೆಯೊಳಗೆ ತುಂಬಿದ್ರೆ ಸಾಕು' ಎಂದಳು. ಎರಡೂ ಖಾಲಿ ಬಿಟ್ಟು ಬಂದಿದ್ದೇನೆ.