ದೇವರ ಜಗಲಿ ಮೇಲಿನ ಹಾಳೆ

ಮಸ್ಕಿ
ಗುರುವಾರ, ೧೨ ಜೂನ್ ೧೯೯೭

ಗೆಳತಿ ಗದ್ದೆಮ್ಮನಿಗೆ ನಜಮಾಳ ಸಲಾಮು. ಬೈಯುವುದಿದ್ದರೆ ಆಮೇಲೆ ಬೈಯುವಿಯಂತೆ, ಮೊದಲು ಇದನ್ನು ಪೂರಾ ಓದು.

ಬರುವ ಸೋಮವಾರ ನಿನ್ನ ಸೋದರಮಾವ ದ್ಯಾವಪ್ಪನ ಜೊತೆ ನಿನ್ನ ನಿಶ್ಚಯ ಎಂದು ನಿಮ್ಮೂರಿನ ಹುಸೇನಪ್ಪ ಇವತ್ತು ನಮ್ಮ ಅಂಗಡಿಗೆ ಬಂದು ಹೇಳಿದ. ನೀನು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡೆಯಂತೆ! ಡಾಕ್ಟರಾಗುತ್ತೇನೆ ಎಂದು ಸಿಂಧನೂರಿನ ರೂಮಿನಲ್ಲಿ ಎರಡು ವರ್ಷ ನನ್ನ ತಲೆ ತಿಂದವಳು ನೀನೇ ಏನು?

ಆ ಮಾತು ಮುರಿ. ಹದಿಮೂರು ಎನ್ನುವ ಲೆಕ್ಕ ತಪ್ಪು.

ಹೋದ ವಾರ ನೀನು ಸಿಇಟಿ ಪ್ರಶ್ನೆಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದಾಗ, ಸುದ್ದಿ ಪೇಪರಿನಲ್ಲಿ ಅಚ್ಚಾದ ಸರಿ ಉತ್ತರಗಳನ್ನು ನಾನು ಓದಿದೆ, ನೀನು ಗುರುತು ಹಾಕಿದೆ. ಜೀವಶಾಸ್ತ್ರದಲ್ಲಿ ಅರವತ್ತಕ್ಕೆ ಹದಿಮೂರು. ನೀನು ಅಳಲಿಲ್ಲ. "ಅರ್ಧ ದಾಟಿದ್ರ ಓದಸ್ತೀನಿ, ಇಲ್ಲಂದ್ರ ಸುಮ್ನ ಲಗ್ನಾ ಮಾಡ್ಕೊಬೇಕು ಅಂದಾನ ನಮ್ಮಪ್ಪ" ಎಂದೆ. ಪತ್ರಿಕೆಯನ್ನು ಅಲ್ಲೇ ಬಿಟ್ಟು ಎದ್ದು ಹೋದೆ.

ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯ ಪತ್ರಿಕೆ ಇದ್ದವಲ್ಲ? ಪ್ರಶ್ನೆಗಳು ಅವೇ, ಆದರೆ ಕ್ರಮ ಬೇರೆ. ನನ್ನ ಮೊದಲನೆಯದು ನಿನಗೆ ನಲವತ್ತನೆಯದು. ಪೇಪರಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಉತ್ತರಪಟ್ಟಿ ಇತ್ತು. ನಾನು ಓದಿದ್ದು ನನ್ನ ಎ ಪಟ್ಟಿ. ಅಪ್ಪನ ಅಂಜಿಕೆಯಲ್ಲಿ ನಿನಗೂ ಹೊಳೆಯಲಿಲ್ಲ. ನೋಡಿಕೊಳ್ಳೋಣವೆಂದರೆ ನಿನ್ನದು ಯಾವ ಬಗೆ ಎಂಬ ಅಕ್ಷರವಿದ್ದ ಮೊದಲ ಹಾಳೆಯೇ ಇರಲಿಲ್ಲ! ಲಿಂಗಸುಗೂರಿನಿಂದ ಪರೀಕ್ಷೆ ಬರೆದು ಬಂದ ದಿನವೇ ನಿಮ್ಮವ್ವ ಯಮನೂರಮ್ಮ, ಹೊಸ ಭತ್ತದ ಮೊದಲ ತೆನೆ ಇಡುವ ಹಾಗೆ, "ಮೊದಲ್ನೇದು ದೇವ್ರಿಗೆ ಮುಟ್ಲಿ" ಎಂದು ಅದನ್ನು ಹರಿದು ಕುಂಕುಮ ಹಚ್ಚಿ ಜಗಲಿ ಮೇಲಿಟ್ಟಿದ್ದಳು. ಇದೆಲ್ಲ ನನಗೆ ಇವತ್ತು ಹೊಳೆಯಿತು.

ಈಗಲೇ ಏಳು. ಆ ಹಾಳೆ ಕೆಳಗಿಳಿಸಿ ಕುಂಕುಮ ಒರೆಸು. ದೇವರು ಏನೂ ಅನ್ನುವುದಿಲ್ಲ. ಮೂಲೆಯಲ್ಲಿ ಸಿ ಇರಬೇಕು ಎಂದು ನನ್ನ ಅಂದಾಜು. ನಿನ್ನ ಪತ್ರಿಕೆಯನ್ನೂ ಸಿ ಉತ್ತರಪಟ್ಟಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ನಿಮ್ಮಪ್ಪನನ್ನು ಮುಂದೆ ಕೂರಿಸಿಕೊಂಡು ಆ ಪಟ್ಟಿಯನ್ನು ದ್ಯಾವಪ್ಪ ಮಾವನ ಕೈಯಲ್ಲೇ ಓದಿಸು. ಅವನು ಒಳ್ಳೆಯವನು, ಸುಳ್ಳು ಓದುವುದಿಲ್ಲ.

ಅಂಚೆಯನ್ನು ನಂಬಿ ಕೂತರೆ ಸೋಮವಾರ ದಾಟಿಹೋಗುತ್ತದೆ. ಸಿಂಧನೂರು ಬಸ್ಸಿನ ಕಂಡಕ್ಟರ್ ಲಾಲ್‌ಸಾಬ್ ಮಾಮಾನ ಕೈಗೆ ಕೊಡುತ್ತಿದ್ದೇನೆ. "ಗದ್ದೆಮ್ಮನ ಕೈಗೇ ಮುಟ್ಟಸ್ರಿ, ಮಾಮಾ, ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ" ಎಂದು ಆಣೆ ಹಾಕಿಸಿಕೊಳ್ಳುತ್ತೇನೆ. ಗದ್ದಿ, ಹೆದರಬೇಡ. ಒಂದೇ ಒಂದು ಸಲ ನಿಮ್ಮಪ್ಪನ ಮುಂದೆ ಬಾಯಿ ಬಿಡು.

ನಿನ್ನ
ನಜಮಾ

ತಾ.ಕ.: ಇವತ್ತು ಹೊಳೆಯಿತು ಎಂದು ಬರೆದದ್ದು ಸುಳ್ಳು. ಪರೀಕ್ಷೆಯಲ್ಲಿ ನನ್ನ ಹಿಂದೆ ಚಾಂದ್‌ಪಾಷಾ, ಅವನ ಹಿಂದೆ ನೀನು. ಎ, ಬಿ, ಸಿ ಎಂದು ಹಂಚುತ್ತಾ ಹೋದದ್ದನ್ನು ನಾನು ತಿರುಗಿ ನೋಡಿದ್ದೆ. ನಿನಗೆ ಎ ಪಟ್ಟಿ ಓದುವಾಗಲೂ ಗೊತ್ತಿತ್ತು. ನನ್ನ ಲೆಕ್ಕ ನಾನು ಮೊದಲೇ ಹಾಕಿಕೊಂಡು ಹೊಟ್ಟೆ ಉರಿದುಕೊಂಡು ಕೂತಿದ್ದೆ. ನೀನು ಬಸ್ಸು ಹತ್ತಿದ ಮೇಲೆ ನಿನ್ನದನ್ನು ಸಿ ಪಟ್ಟಿಗೆ ಹಚ್ಚಿ ಎರಡು ಸಲ ಎಣಿಸಿದೆ. ಒಂದು ವಾರ ಬಾಯಿ ಹೊಲಿದುಕೊಂಡಿದ್ದೆ. ನಿನ್ನದು ನಲವತ್ತೊಂಬತ್ತು, ಗದ್ದಿ. ನನ್ನದು ಇಪ್ಪತ್ತೆಂಟು.